ನಾಲ್ಕು ಜನರ ಮುಂದಿನ ಉಪ್ಪು

ಹೊಳೆ ಎರಡಾಗಿ ಸೀಳಿ ಮತ್ತೆ ಒಂದಾಗುವ ಕಡೆ ಒಂದು ಊರು. ಅದರ ಹೆಸರು ಕೇಳಬೇಡಿ. ಅಲ್ಲಿಯವರು ಅದನ್ನು ಊರು ಎನ್ನುತ್ತಾರೆ, ಉಳಿದವರು ಆಚೆ ದಡ ಎನ್ನುತ್ತಾರೆ, ಅಷ್ಟರಲ್ಲೇ ಕೆಲಸ ಸಾಗುತ್ತದೆ. ಎಲ್ಲ ಊರಿನಂತೆ ಅಲ್ಲೂ ಮನೆಗಳಿವೆ, ನಾಯಿಗಳಿವೆ, ನೆರೆಮನೆಯ ಸುದ್ದಿ ನಂಚಿಕೊಳ್ಳದೆ ಊಟ ಸೇರದ ಜನರಿದ್ದಾರೆ. ಒಂದು ವಿಷಯದಲ್ಲಿ ಮಾತ್ರ ಅದು ಬೇರೆ. ಹೊರಗಿನಿಂದ ಬಂದವರ ನಾಲಿಗೆಗೆ ಆ ಊರಿನ ಉಪ್ಪು ಹತ್ತುವುದಿಲ್ಲ.

ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡರೂ ಮರಳು ಅಗಿದ ಹಾಗೆ. ಹೊರಗಿನ ಉಪ್ಪು ತಂದು ನೋಡಿದವರೂ ಇದ್ದಾರೆ. ಹೊಳೆ ದಾಟುವಷ್ಟರಲ್ಲಿ ಅದೂ ಮರಳೇ. ಆದರೆ ಆ ಊರಿನಲ್ಲಿ ಹುಟ್ಟಿದವರನ್ನು ಮದುವೆಯಾದರೆ, ಆ ಕೈಹಿಡಿದವರೇ ತಟ್ಟೆಗೆ ಹಾಕಿದರೆ, ಉಪ್ಪು ಉಪ್ಪಾಗುತ್ತದೆ. ಬೇರೆ ಯಾರು ಹಾಕಿದರೂ ಆಗದು. ಹೀಗೆ ಮೂರು ಮಳೆಗಾಲ ಉಂಡ ಮೇಲೆ ಗಂಡ ಹೆಂಡತಿ ಇಬ್ಬರೂ ಉಪ್ಪಿನ ಮನೆಗೆ ಹೋಗಿ ಕೂರಬೇಕು. ಅಲ್ಲಿ ಗೆದ್ದರೆ ಹೊರಗಿನವರ ಸ್ವಂತ ಕೈಗೂ ಉಪ್ಪು ಬರುತ್ತದೆ. ಆಮೇಲೆ ಅವರು ಊರಿನವರು. ಸಾಯುವ ತನಕ ಯಾರೂ ಎಬ್ಬಿಸುವಂತಿಲ್ಲ.

ಸೋತವರನ್ನು ದೋಣಿಯಲ್ಲಿ ಕೂರಿಸಿ ನಡುಗಡ್ಡೆಗೆ ಬಿಡುತ್ತಾರೆ. ಹೊಳೆಯ ಎರಡು ಸೀಳಿನ ನಡುವೆ ಉಳಿದ ಮರಳಿನ ದಿಬ್ಬ ಅದು. ಅಲ್ಲಿ ಯಾರ್ಯಾರಿದ್ದಾರೆ, ಏನು ತಿನ್ನುತ್ತಾರೆ, ಊರಿನವರಿಗೆ ತಿಳಿಯದು. ಸಂಜೆ ಅಲ್ಲಿಂದ ಹೊಗೆ ಏಳುತ್ತದೆ. ಹೊಗೆ ಕಂಡಾಗ ತಾಯಂದಿರು ಮಕ್ಕಳ ಮುಖ ಬೇರೆ ಕಡೆ ತಿರುಗಿಸುತ್ತಾರೆ.

ಚಾಪೆಯವಳು ಈಚೆ ದಡದಿಂದ ಆ ಊರಿಗೆ ಮದುವೆಯಾಗಿ ಹೋದವಳು. ಗಂಟೆ ಎರಕ ಹೊಯ್ಯುವವನನ್ನು ಕಟ್ಟಿಕೊಂಡಳು. ಅವಳು ದೋಣಿ ಹತ್ತಿದ ದಿನವೇ ತವರಿನವರು ಅವಳು ನೀರು ಕುಡಿಯುತ್ತಿದ್ದ ಚೊಂಬನ್ನು ಹೊಳೆಗೆ ಬಿಟ್ಟರು, ಅವಳ ಹೆಸರನ್ನು ತೆಗೆದು ಅಣ್ಣನ ಎಳೆಮಗುವಿಗೆ ಇಟ್ಟರು. ಅಲ್ಲಿಯ ಪದ್ಧತಿ ಹಾಗೆ. ಒಂದು ಹೆಸರಿಗೆ ಇಬ್ಬರು ಓಗೊಡುವಂತಿಲ್ಲ. ತಿರುಗಿ ಹೋದರೆ ಅವಳನ್ನು ಕರೆಯಲು ಅಲ್ಲಿ ಯಾರಿಗೂ ಹೆಸರಿಲ್ಲ. ಅದಕ್ಕಾಗಿ ಅವಳು ಅಳಲಿಲ್ಲ ಅನ್ನಿ. ಆಚೆ ದಡದ ಜೊಂಡು ಅವಳಿಗೆ ಹಿಡಿಸಿತು. ಎಷ್ಟು ಬಗ್ಗಿಸಿದರೂ ಮುರಿಯದ ಜೊಂಡು, ಬಿಸಿಲಿಗೆ ಒಣಗಿದರೆ ಜೇನಿನ ಬಣ್ಣ. ಅವಳು ನೇಯ್ದ ಚಾಪೆಯ ಮೇಲೆ ಊರಿನ ಬಾಣಂತಿಯರು ಮಲಗಿದರು, ಮುದುಕರು ಕೂತು ಸುಳ್ಳು ಹೇಳಿದರು. ನಿಜ ಹೇಳಬೇಕೆಂದರೆ ಆ ಊರು ಅವಳಿಗೆ ಗಂಡನಿಗಿಂತ ಹೆಚ್ಚು ಹಿಡಿಸಿತ್ತು.

ಗಂಡನೂ ಮೊದಮೊದಲು ಚೆನ್ನಾಗಿಯೇ ಇದ್ದ. ಊಟಕ್ಕೆ ಕೂತಾಗ ತಾನು ಕೈ ಹಾಕುವ ಮೊದಲು ಅವಳ ತಟ್ಟೆಗೆ ಉಪ್ಪು ಹಾಕುತ್ತಿದ್ದ. ಒಂದು ದಿನ ಮಾತಿಗೆ ಮಾತು ಬೆಳೆಯಿತು. ಅವನು ಮುಖ ತಿರುಗಿಸಿಕೊಂಡು ಉಂಡ, ಉಪ್ಪು ಹಾಕುವುದನ್ನು ಮರೆತ. ಅಂದು ನಿಜವಾಗಿಯೇ ಮರೆತದ್ದು, ಅದರಲ್ಲಿ ಮೋಸವಿಲ್ಲ. ಅವಳು ಸ್ವಲ್ಪ ಕಾದು, "ಉಪ್ಪು ಹಾಕ್ರೀ" ಎಂದಳು. ಕೇಳುವಾಗ ಅವಳ ದನಿ ತಗ್ಗಿತ್ತು. ತಗ್ಗಿದ ಆ ದನಿ ಅವನಿಗೆ ರುಚಿಸಿತು.

ಅಲ್ಲಿಂದ ಮುಂದೆ ಅವನು ಮರೆಯಲಿಲ್ಲ, ಬಿಟ್ಟ. ಅವಳು ಎದುರಾಡಿದ ದಿನ ಉಪ್ಪಿಲ್ಲ. ಅವನಿಗೆ ಹೇಳದೆ ಜೊಂಡು ಕೊಯ್ಯಲು ಹೋದ ದಿನ ಉಪ್ಪಿಲ್ಲ. ಸುಮ್ಮನಿದ್ದ ದಿನ, ಆ ಸುಮ್ಮನಿರುವುದರಲ್ಲಿ ಏನೋ ಇದೆ ಎಂದು ಅನ್ನಿಸಿದರೆ ಉಪ್ಪಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಜಗಳ ಉಣ್ಣುವುದರೊಳಗೇ ಹೊಕ್ಕರೆ ಅದು ಎಲ್ಲಿಯ ತನಕ ಎಂದು ಗಾದೆ ಕಟ್ಟಿದವರು ಹೇಳಿ ಹೋಗಿಲ್ಲ. ಕಡೆಗೊಂದು ಮಧ್ಯಾಹ್ನ ಅವಳು ತಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು, ಕೇಳಲಿಲ್ಲ. ಸಪ್ಪೆ ಮುದ್ದೆಯನ್ನು ಸಪ್ಪೆ ಸಾರಿನಲ್ಲಿ ಅದ್ದಿ ಕಡೆಯ ತುತ್ತಿನ ತನಕ ಉಂಡಳು. ಎದ್ದು ಕೈ ತೊಳೆದಳು. ನೇಯ್ಗೆಯ ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀದಿಯ ಕೊನೆಯ ಮನೆಯ ಅಜ್ಜಿಯ ಮಾಳಿಗೆ ಹತ್ತಿದಳು.

ಅಜ್ಜಿ ಯಾಕೆ ಏನು ಎಂದು ಕೇಳಲಿಲ್ಲ. ಗಂಜಿ ಕೊಟ್ಟಳು. ಅದು ಸಪ್ಪೆಯಾಗಿತ್ತು, ಆಗಿರಲೇಬೇಕು. ಚಾಪೆಯವಳು ಒಂದು ಮಳೆಗಾಲ ಸಪ್ಪೆ ಉಂಡಳು, ಒಂದು ಚಳಿಗಾಲ ಸಪ್ಪೆ ಉಂಡಳು. ಬೇಲಿಯ ಹುಣಸೆ ಕಾಯಿ ಕಚ್ಚಿದಳು, ಹಸಿಮೆಣಸು ಅಗಿದಳು. ಕಣ್ಣೀರು ತುಟಿಗೆ ಇಳಿದರೂ ಅದೂ ಸಪ್ಪೆ. ಆದರೂ ಬೆಳಿಗ್ಗೆ ಎದ್ದರೆ ಜೊಂಡು ಇತ್ತು, ಬಿಸಿಲು ಇತ್ತು, ಯಾರ ಮುಖ ನೋಡಿ ತುತ್ತು ಎತ್ತಬೇಕೆಂಬ ಲೆಕ್ಕ ಇರಲಿಲ್ಲ.

ಹೀಗಿರುವಾಗ ಡಂಗೂರದವನು ಬೀದಿಯಲ್ಲಿ ಬಂದ. ಗಂಟೆಯವನೂ ಅವನ ಹೆಂಡತಿಯೂ ಹುಣ್ಣಿಮೆ ಕಳೆದ ಮಾರನೆಯ ದಿನ ಉಪ್ಪಿನ ಮನೆಗೆ ಬರತಕ್ಕದ್ದು, ಜೊತೆಯಲ್ಲಿ ಬಾಳುತ್ತಿರುವವರಾಗಿ ಬರತಕ್ಕದ್ದು ಎಂದು ಸಾರಿದ. ಮಾಳಿಗೆಯ ಕಿಟಕಿಯ ಕೆಳಗೆ ನಿಂತು ಇನ್ನೊಮ್ಮೆ ಸಾರಿದ. ಆ ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಗೊತ್ತಿಲ್ಲದ ಹಾಗೆ ಇರುವುದನ್ನು ಅವರು ಮರ್ಯಾದೆ ಎನ್ನುತ್ತಾರೆ.

"ಅವನು ಬರದಿದ್ರೆ ಏನಜ್ಜೀ?" ಎಂದಳು ಚಾಪೆಯವಳು.

"ನಡುಗಡ್ಡೆ."

"ಬಂದು, ಬೇಕಂತ್ಲೇ ತಪ್ಪು ಹೇಳಿದ್ರೆ?"

"ನಡುಗಡ್ಡೆ."

"ಬೇರೆ ಇದ್ದೀವಿ ಅಂತ ಒಪ್ಕೊಂಡ್ಬಿಟ್ರೆ?"

ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ಅದಕ್ಕೂ ಅದೇ ಕಣೇ. ಎಲ್ಲಾ ದಾರೀನೂ ಅಲ್ಲಿಗೇ ಹೋಗತ್ತೆ, ಒಂದು ಬಿಟ್ಟು. ಹೋಗಿ ಅವನನ್ನ ಕೇಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಜಾತಿಯವನು ನಿನ್ನ ಗಂಡ. ಆದ್ರೂ ಕೇಳು."

ಆ ಕೇಳುವುದನ್ನೇ ಬಿಟ್ಟು ಬಂದವಳು ಚಾಪೆಯವಳು. ಆದರೂ ಹೋದಳು.

ಅವನು ಎರಕದ ಶಾಲೆಯ ಮುಂದೆ ಹೊಸ ಗಂಟೆಯೊಂದನ್ನು ಮೊಣಕಾಲ ನಡುವೆ ಇಟ್ಟುಕೊಂಡು ಅರದಿಂದ ಉಜ್ಜುತ್ತಿದ್ದ. ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಸೊರಗಿದ್ದ, ಅಂಗಿಯ ಗುಂಡಿಯೊಂದು ಕಿತ್ತು ಹೋಗಿತ್ತು.

"ಡಂಗೂರ ಕೇಳಿಸ್ತಾ?" ಎಂದಳು.

"ಊರಿಗೆಲ್ಲ ಕೇಳಿಸಿದ್ದು ನನಗೆ ಕೇಳಿಸ್ದೇ ಇರತ್ತಾ?"

"ಬರ್ತೀರಾ?"

ಅರ ಹೋಯಿತು, ಬಂತು. "ಬರ್ತೀನಿ. ಆದ್ರೆ ಅಲ್ಲಿಂದ ಸೀದಾ ಮನೆಗೆ ಬರ್ಬೇಕು ನೀನು. ಆ ಮುದುಕಿ ಮಾಳಿಗೆಗಲ್ಲ."

ಅವಳು ಅರದಿಂದ ಉದುರುತ್ತಿದ್ದ ಕಂಚಿನ ಪುಡಿ ನೋಡುತ್ತ ನಿಂತಳು.

"ಹೂಂ ಅನ್ನು, ಬರ್ತೀನಿ. ಇಲ್ಲಾಂದ್ರೆ ನಡುಗಡ್ಡೆ ಇದ್ದೇ ಇದೆ." ಅವನು ಅದನ್ನು ಕೋಪದಿಂದ ಹೇಳಲಿಲ್ಲ. ಗಿರಾಕಿಗೆ ಗಂಟೆಯ ತೂಕ ಹೇಳುವ ಹಾಗೆ ಹೇಳಿದ.

ಅತ್ತ ದರಿ, ಇತ್ತ ಪುಲಿ. ಒಂದು ಅಕ್ಷರ ಸಾಕಿತ್ತು. ಬಾಯಿ ತೆರೆದಳು ಕೂಡ. ಆದರೆ ಆ ಹೂಂ ಗಂಟಲಿಗೆ ಬರುವಾಗಲೇ, ಉಪ್ಪು ಹಾಕ್ರೀ ಎಂದು ತಗ್ಗುತ್ತಿದ್ದ ಹಳೆಯ ದನಿಯಲ್ಲೇ ಬಂತು. ಅವಳು ಅದನ್ನು ನುಂಗಿದಳು.

"ಬರೋದಿದ್ರೆ ಬನ್ನಿ. ಹೂಂ ಅನ್ನಿಸ್ಕೊಂಡು ಬರ್ಬೇಡಿ" ಎಂದು ಹೇಳಿ ಹೊರಟುಬಿಟ್ಟಳು. ಹಿಂದೆ ಅರದ ಸದ್ದು ನಿಂತಿತು. ಅವಳು ತಿರುಗಿ ನೋಡಲಿಲ್ಲ.

ಹುಣ್ಣಿಮೆ ಬಂತು, ಹೋಯಿತು. ಮಾರನೆಯ ಬೆಳಿಗ್ಗೆ ಚಾಪೆಯವಳು ತಲೆಗೆ ನೀರು ಹಾಕಿಕೊಂಡು ಉಪ್ಪಿನ ಮನೆಯ ಮೆಟ್ಟಿಲ ಮುಂದೆ ನಿಂತಳು. ಆ ಮನೆಗೆ ಎರಡು ಬಾಗಿಲು, ಒಂದರಿಂದ ಗಂಡ, ಇನ್ನೊಂದರಿಂದ ಹೆಂಡತಿ. ಒಳಗೆ ನಡುವೆ ಒಂದು ಗೋಡೆ. ಆ ಗೋಡೆ ಮುಂದಿನ ತನಕ ಬರುವುದಿಲ್ಲ. ಅದು ಮುಗಿಯುವ ಕಡೆ ಮಣೆಯ ಮೇಲೆ ರುಚಿಯಮ್ಮ ಕೂರುತ್ತಾಳೆ. ಅವಳಿಗೆ ಇಬ್ಬರೂ ಕಾಣುತ್ತಾರೆ, ಇಬ್ಬರಿಗೂ ಅವಳು ಕಾಣುತ್ತಾಳೆ, ಅವರಿಗೆ ಮಾತ್ರ ಒಬ್ಬರಿಗೊಬ್ಬರು ಕಾಣುವುದಿಲ್ಲ. ರುಚಿಯಮ್ಮನ ಅಕ್ಕಪಕ್ಕ ಇಬ್ಬರು ಮುದುಕರು. ಒಬ್ಬನನ್ನು ಎಡಗಿವಿ ಎನ್ನುತ್ತಾರೆ, ಇನ್ನೊಬ್ಬನನ್ನು ಬಲಗಿವಿ. ಕೇಳುವುದೊಂದೇ ಅವರ ಕೆಲಸ. ಮೆಟ್ಟಿಲ ಮೇಲೆ ಊರೇ ಕೂತಿತ್ತು, ಕಡಲೆಕಾಯಿ ಸುಲಿಯುತ್ತ.

ಅವಳಿಗಿಂತ ಮೊದಲು ಒಬ್ಬ ಕುರುಬರ ಹುಡುಗ ಒಳಗೆ ಹೋಗಿದ್ದ, ಹೊರಗಿನವನು, ಊರಿನ ಹುಡುಗಿಯನ್ನು ಮದುವೆಯಾದವನು. ಅವನು ಬೇಗ ಹೊರಗೆ ಬಂದ. ಹೆಂಡತಿ ಗಾಬರಿಯಲ್ಲಿ ಅವನ ಅಂಬಲಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳಂತೆ. ಅವನು ಅದಕ್ಕಿಂತ ಗಾಬರಿಯಲ್ಲಿ, ಬೋಗುಣಿ ತುಟಿಗೆ ತಾಗುವ ಮೊದಲೇ "ಸರಿಯಾಗಿದೆ, ಸರಿಯಾಗಿದೆ" ಎಂದನಂತೆ. ರುಚಿಯಮ್ಮ ಬೋಗುಣಿ ಕವುಚಿಟ್ಟಳು. ಮೆಟ್ಟಿಲ ಮೇಲಿದ್ದ ಜನ ಎದ್ದು ಅವನಿಗೆ ಬೆನ್ನು ಮಾಡಿ ನಿಂತರು. ಅದು ಅಲ್ಲಿಯ ರೀತಿ. ಬೆನ್ನುಗಳ ನಡುವೆ ಅವನು ದೋಣಿಯ ಕಡೆ ನಡೆದ, ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ಕೂಗಿದಳು, ಯಾರೂ ತಿರುಗಲಿಲ್ಲ. ಚಾಪೆಯವಳು ಮಾತ್ರ ಅವನ ಕಡೆ ತಿರುಗಿ ನಿಂತಿದ್ದಳು. ಅವನ ಮುಖ ಅವಳಿಗೆ ಕಂಡಿತು.

"ಗಂಟೆಯವರ ಮನೆಯವರು!" ಎಂದು ಕೂಗಿದರು.

ಅವಳು ಬೀದಿಯ ಉದ್ದಕ್ಕೂ ನೋಡಿದಳು. ಯಾರೂ ಇಲ್ಲ. ಎರಡನೆಯ ಸಲ ಕೂಗಿದರು. ಮೆಟ್ಟಿಲ ಮೇಲಿದ್ದವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. ಒಬ್ಬಿಬ್ಬರು ಏಳುವವರಂತೆ ಸೆರಗು ಸರಿಪಡಿಸಿಕೊಂಡರು. ಮೂರನೆಯ ಕೂಗಿಗೆ ಮೂಲೆಯಲ್ಲಿ ಬಿಳಿ ಪಂಚೆ ಕಂಡಿತು. ಗಂಜಿ ಹಾಕಿ ಮಡಿಚಿದ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಗುಂಡಿ ಹಾಕಿದ ಅಂಗಿ. ಅವನು ಎಲ್ಲರಿಗೂ ಕೈ ಮುಗಿಯುತ್ತ, ನಗುತ್ತ ಬಂದ. ಅವಳ ಹತ್ತಿರ ಬಂದು, "ಬಿಸಿಲಲ್ಲಿ ನಿಂತಿದ್ದೀಯಲ್ಲೇ, ನೆರಳಿಗಾದ್ರೂ ಬರಬಾರ್ದಾ" ಎಂದ. ಮೆಟ್ಟಿಲ ಮೇಲಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

ಇಬ್ಬರೂ ತಮ್ಮ ತಮ್ಮ ಬಾಗಿಲಿನಿಂದ ಒಳಗೆ ಹೋದರು.

ರುಚಿಯಮ್ಮನಿಗೆ ವಯಸ್ಸೆಷ್ಟು ಎಂದು ಹೇಳಲು ಬಾರದು. ಹಲ್ಲಿರಲಿಲ್ಲ, ಆದರೆ ಕಣ್ಣು ಎಳೆಯ ಹುಡುಗಿಯದು. "ಮೊದ್ಲು ಮಾತು, ಆಮೇಲೆ ಉಪ್ಪು" ಎಂದಳು. "ಕಿವೀಲಿ ಹೇಳಿ. ಇಬ್ರ ಮಾತೂ ಒಂದೇ ಆಗ್ಬೇಕು. ನಿಮ್ಮ ಮನೆ ಮುಂಬಾಗಿಲು ತೆಗೆದ್ರೆ ಸದ್ದು ಬರತ್ತೋ, ಇಲ್ವೋ?"

ಎಡಗಿವಿ ಚಾಪೆಯವಳ ಕಡೆ ಬಾಗಿ ಕಿವಿಯೊಡ್ಡಿದ. ಅವಳು ಆ ಬಾಗಿಲು ಕಂಡು ಒಂದು ಮಳೆಗಾಲ, ಒಂದು ಚಳಿಗಾಲ ಕಳೆದಿತ್ತು. ಎಣ್ಣೆ ಬಿಡಿ ಎಂದು ದಿನಾ ಹೇಳುತ್ತಿದ್ದಳು, ಅವನು ದಿನಾ ನಾಳೆ ಎನ್ನುತ್ತಿದ್ದ. ಹೇಳುವವರು ಹೋದ ಮೇಲೆ ಮಾಡುವ ಗಂಡಸರೂ ಇರುತ್ತಾರೆ. ಇವನು ಅಂಥವನೋ? "ಬರತ್ತೆ" ಎಂದು ಉಸುರಿದಳು.

"ಬರತ್ತೆ" ಎಂದ ಎಡಗಿವಿ ಗಟ್ಟಿಯಾಗಿ.

"ಬರತ್ತೆ" ಎಂದ ಬಲಗಿವಿ.

"ನಿನ್ನೆ ನಿಮ್ಮ ಮನೇಲಿ ದೀಪ ಆರಿಸಿದ್ದು ಯಾರು?"

ನಿನ್ನೆ ಚಾಪೆಯವಳು ಅಲ್ಲಿರಲಿಲ್ಲ. ಅವನು ನಿಜ ಹೇಳಿದರೆ ನಾನು ಎನ್ನುತ್ತಾನೆ. ಅವಳಿದ್ದ ಕಾಲದಲ್ಲಿ ಅವನು ದೀಪದ ಮುಂದೆಯೇ ನಿದ್ದೆಹೋಗುತ್ತಿದ್ದ, ಆರಿಸುತ್ತಿದ್ದವಳು ಅವಳು. ಅವನು ಅವಳನ್ನು ಉಳಿಸಲು ಬಂದಿದ್ದಾನೋ, ಮುಳುಗಿಸಲು ಬಂದಿದ್ದಾನೋ, ಅದರ ಮೇಲೆ ನಿಂತಿತ್ತು ಎಲ್ಲ. "ನಾನು" ಎಂದಳು.

"ಹೆಂಡ್ತಿ" ಎಂದ ಎಡಗಿವಿ.

ಬಲಗಿವಿ ತಡಮಾಡಿದ. ಮುದುಕನಿಗೆ ಕೆಮ್ಮು ಬಂದಿತ್ತು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಹೆಂಡ್ತಿ" ಎಂದ.

ಅವನು ಅವಳಿಗಾಗಿ ಸುಳ್ಳು ಹೇಳಿದ್ದ. ಚಾಪೆಯವಳಿಗೆ ಅಳು ಬಂದಂತಾಯಿತು. ಇಷ್ಟು ದಿನ ಮನಸ್ಸು ಗಟ್ಟಿ ಮಾಡಿಕೊಂಡದ್ದೆಲ್ಲ ಗೋಡೆಯ ಆಚೆಯಿಂದ ಬಂದ ಒಂದು ಮಾತಿಗೆ ಸಡಿಲವಾಯಿತು. ತಾನೇ ದುಡುಕಿದೆನೇನೋ, ಮನೆಗೇ ಹೋದರೂ ಹೋಗಬಹುದೇನೋ ಎಂದುಕೊಂಡಳು.

"ನಿಮ್ಮಲ್ಲಿ ಜಗಳ ಆದ್ರೆ ಮೊದ್ಲು ಸೋತು ಮಾತಾಡ್ಸೋದು ಯಾರು?"

ಇದಕ್ಕೆ ಅವಳು ಯೋಚಿಸಲಿಲ್ಲ. ಯೋಚಿಸುವುದೇನಿದೆ? ತಟ್ಟೆಯ ಮುಂದೆ ಕೂತು, ದನಿ ತಗ್ಗಿಸಿ, ಎಷ್ಟು ಸಲ. "ನಾನು" ಎಂದಳು.

"ಹೆಂಡ್ತಿ" ಎಂದ ಎಡಗಿವಿ.

"ಗಂಡ" ಎಂದ ಬಲಗಿವಿ.

ಚಾಪೆಯವಳಿಗೆ ಕಾಲ ಕೆಳಗೆ ದೋಣಿ ಅಲುಗಿದಂತಾಯಿತು. ಮೆಟ್ಟಿಲ ಮೇಲಿಂದ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇನ್ನೊಬ್ಬರು, ಆಮೇಲೆ ಊರೇ ನಕ್ಕಿತು. ರುಚಿಯಮ್ಮನ ಬೊಚ್ಚುಬಾಯಿಯೂ ಅರಳಿತು. "ಇದೊಂದಕ್ಕೆ ಮಾತ್ರ ಇಬ್ರೂ ನಾನು ನಾನು ಅಂದ್ರೇನೇ ಗಂಡ ಹೆಂಡ್ತಿ" ಎಂದಳು. ಗೋಡೆಯ ಆಚೆ ಅವನೂ ನಗುವುದು ಕೇಳಿಸಿತು, ದೊಡ್ಡ, ತೆರೆದ ನಗು. ಅವಳೊಬ್ಬಳು ನಗಲಿಲ್ಲ. ಸಡಿಲವಾದದ್ದು ಮತ್ತೆ ಬಿಗಿಯಿತು. ಅವನು ಸುಳ್ಳು ಹೇಳುತ್ತಿದ್ದಾನೆಂದು ಅವನಿಗೇ ಗೊತ್ತಿಲ್ಲ ಎಂಬುದು ಆ ನಗುವಿನಲ್ಲಿತ್ತು.

ಆಮೇಲೆ ಉಪ್ಪು.

ಇಬ್ಬರ ಮುಂದೆಯೂ ಒಂದೊಂದು ಬೋಗುಣಿ ಅಂಬಲಿ ಇಟ್ಟರು, ಒಂದೊಂದು ಮರದ ಬಟ್ಟಲಿನಲ್ಲಿ ಕಲ್ಲುಪ್ಪು. ಅವನಿಗೆ ಬೇಕಾದಷ್ಟು ಅವಳು ಹಾಕಬೇಕು, ಅವಳಿಗೆ ಬೇಕಾದಷ್ಟು ಅವನು. ಮಾತಿಲ್ಲ, ಸನ್ನೆಯಿಲ್ಲ. ಹಾಕಿದ್ದು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ, ಕುಡಿದವರು ಹೇಳುವ ರುಚಿ ರುಚಿಯಮ್ಮನ ನಾಲಿಗೆಗೆ ಸರಿಹೋಗಬೇಕು. ಅವಳ ಮೂರು ಬೆರಳು ತಾವಾಗಿಯೇ ಬಟ್ಟಲಿಗೆ ಹೋದವು, ತಾವಾಗಿಯೇ ಎತ್ತಿದವು. ರುಚಿ ನೋಡುವ ಹಾಗಿಲ್ಲ, ನೋಡಿದರೂ ಅವಳಿಗೆ ತಿಳಿಯದು. ಬೆರಳುಗಳಿಗೆ ಗೊತ್ತಿತ್ತು.

ಎರಡು ಬೋಗುಣಿಗಳೂ ರುಚಿಯಮ್ಮನ ಮುಂದೆ ಬಂದವು. ಅವಳು ಒಂದರಿಂದ ಒಂದು ಗುಟುಕು ಕುಡಿದಳು, ಕಣ್ಣು ಮುಚ್ಚಿದಳು. ಇನ್ನೊಂದರಿಂದ ಒಂದು ಗುಟುಕು ಕುಡಿದಳು, ಕಣ್ಣು ಮುಚ್ಚಿದಳು. ಮುಖದಲ್ಲಿ ಏನೂ ಬರೆದಿರಲಿಲ್ಲ. ಆಮೇಲೆ ಅವನದು ಅವನಿಗೆ, ಅವಳದು ಅವಳಿಗೆ ಹೋಯಿತು.

"ಹದವಾಗಿದೆ" ಎಂದ ಗಂಡ. "ಅವಳ ಕೈ ಯಾವತ್ತೂ ತಪ್ಪಿಲ್ಲ."

ರುಚಿಯಮ್ಮ ತಲೆಯಾಡಿಸಿ ಈ ಕಡೆ ತಿರುಗಿದಳು.

ಚಾಪೆಯವಳು ಬೋಗುಣಿ ಎತ್ತಿ ಕುಡಿದಳು. ಸಪ್ಪೆ.

ಇನ್ನೊಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿದಳು. ಸಪ್ಪೆ. ಮಾಳಿಗೆಯ ಗಂಜಿಯಷ್ಟೇ ಸಪ್ಪೆ, ಹೊಳೆಯ ನೀರಿನಷ್ಟೇ ಸಪ್ಪೆ. ಅವನು ಉಪ್ಪು ಹಾಕಿಲ್ಲವೋ? ಇಲ್ಲ, ಹಾಕಿದ್ದರೂ ಅವನ ಕೈಯ ಉಪ್ಪು ತನಗೆ ಹತ್ತುವುದು ನಿಂತಿದೆಯೋ? ಎರಡಕ್ಕೂ ರುಚಿ ಒಂದೇ. ಅಂಬಲಿಯಲ್ಲಿ ಏನಿದೆಯೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಗೊತ್ತು, ರುಚಿಯಮ್ಮನಿಗೆ ಗೊತ್ತು. ಕುಡಿಯುತ್ತಿರುವ ಅವಳೊಬ್ಬಳಿಗೆ ಗೊತ್ತಿಲ್ಲ. ಹಾಕಿಲ್ಲದಿದ್ದರೆ, ಸರಿಯಾಗಿದೆ ಎಂದವಳಿಗೆ ಕುರುಬರ ಹುಡುಗನ ದಾರಿ. ಹಾಕಿದ್ದರೆ, ಉಪ್ಪಿಲ್ಲ ಎಂದವಳಿಗೆ ಅದೇ ದಾರಿ.

"ಹೇಳವ್ವ" ಎಂದಳು ರುಚಿಯಮ್ಮ. "ಕಮ್ಮಿಯೋ, ಹೆಚ್ಚೋ, ಸರಿಯೋ?"

ನಾಲಿಗೆಯನ್ನು ಕೇಳಿ ಉಪಯೋಗವಿಲ್ಲ ಎಂದು ಅವಳಿಗೆ ಹೊಳೆಯಿತು. ಕಣ್ಣು ಮುಚ್ಚಿ ಗಂಡನನ್ನು ನೋಡಿದಳು. ಹೂಂ ಅನ್ನಿಸಿಕೊಳ್ಳಲು ಕಾದವನನ್ನು ನೋಡಿದಳು. ಅವನಾದರೆ ಉಪ್ಪು ಹಾಕಿರಲಾರ. ಗಂಜಿ ಹಾಕಿದ ಪಂಚೆ ಉಟ್ಟು, ಕೈ ಮುಗಿಯುತ್ತ, ಮೂರನೆಯ ಕೂಗಿಗೆ ಸರಿಯಾಗಿ ಬಂದವನನ್ನು ನೋಡಿದಳು. ಸೋತು ಮಾತಾಡಿಸುವವನು ನಾನೇ ಎಂದವನನ್ನು ನೋಡಿದಳು. ನೆಂಟರು ಬಂದ ದಿನಗಳು ನೆನಪಾದವು. ಅಂದು ಅವನು ಎಲ್ಲರೂ ಕಾಣುವಂತೆ ಕೈ ಎತ್ತಿ ಉಪ್ಪು ಹಾಕುತ್ತಿದ್ದ, ಸಾಕು ಎಂದರೂ ಇನ್ನೊಂದು ಚಿಟಿಕೆ ಹಾಕುತ್ತಿದ್ದ, ಅವರ ಎದುರಿಗೆ ಬೇಡವೆನ್ನಲಾರದೆ ಅವಳು ಅದನ್ನೇ ಉಣ್ಣುತ್ತಿದ್ದಳು, ಸಂಜೆಯ ತನಕ ನೀರು ಕುಡಿಯುತ್ತಿದ್ದಳು.

ಕಣ್ಣು ತೆರೆದಳು. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಎಡಗಿವಿಗೆ ಅದೂ ಕೇಳಿಸಿರಬೇಕು.

"ಹೆಚ್ಚು" ಎಂದಳು.

ಮೆಟ್ಟಿಲ ಮೇಲೆ ಗುಸುಗುಸು ಎದ್ದಿತು. ಆ ಮನೆಯಲ್ಲಿ ಕೂತು ಹಾಗೆ ಹೇಳಿದವರನ್ನು ಯಾರೂ ಕೇಳಿರಲಿಲ್ಲ. ಬಂದವರೆಲ್ಲ ಸರಿಯಾಗಿದೆ ಎನ್ನುವವರೇ, ಸರಿಯಾಗಿದೆ ಎಂದೇ ಉಳಿದವರು, ಸರಿಯಾಗಿದೆ ಎಂದೇ ಮುಳುಗಿದವರು.

"ಹೆಚ್ಚಾ?" ಎಂದಳು ರುಚಿಯಮ್ಮ.

"ಒಂದು ಚಿಟಿಕೆ ಹೆಚ್ಚಾಗಿದೆ, ಅಮ್ಮ. ಅವ್ರು ಯಾವಾಗ್ಲೂ ಹೀಗೇ." ಅವಳು ದನಿ ತಗ್ಗಿಸಲಿಲ್ಲ.

ರುಚಿಯಮ್ಮ ಬೋಗುಣಿಯ ಕಡೆ ಕೈ ಚಾಚಿದಳು. ಕವುಚಿದರೆ ಮುಗಿಯಿತು. ಕೈ ಬೋಗುಣಿಯನ್ನು ದಾಟಿ ಉಪ್ಪಿನ ಬಟ್ಟಲಿಗೆ ಹೋಯಿತು. ಒಂದು ಹರಳು ಆರಿಸಿ ಚಾಪೆಯವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಚಿದಳು. "ಹೌದು ಕಣವ್ವ, ಹೆಚ್ಚೇ ಹಾಕಿದಾನೆ. ನನಗೂ ಗಂಟ್ಲು ಒಣಗ್ತು. ಹೋಗು, ಇನ್ಮೇಲೆ ನೀನೇ ಹಾಕ್ಕೋ."

ಹೊರಗೆ ಜನ ಬೆನ್ನು ಮಾಡಲಿಲ್ಲ. ಹೆಂಗಸರು ಅವಳ ತಲೆ ಸವರಿದರು, ಗಂಡಸರು ಅವನ ಬೆನ್ನು ತಟ್ಟಿದರು. ಅವನು ಎಲ್ಲರಿಗೂ ಕೈ ಮುಗಿದ. ಜನ ಚದುರಿ, ಇಬ್ಬರೇ ಗೋಡೆಯ ನೆರಳಿನಲ್ಲಿ ಉಳಿದಾಗ, "ನಡಿ, ಮನೆಗೆ ಹೋಗೋಣ" ಎಂದ. ಹೂಂ ಅನ್ನು ಎನ್ನಲಿಲ್ಲ. ಮೆತ್ತಗೆಯೇ ಹೇಳಿದ. ಅವನ ಕಣ್ಣು ಕೆಂಪಾಗಿತ್ತು.

"ನಿಮ್ಮ ಉಪ್ಪು ನನಗೆ ಹತ್ತಲಿಲ್ಲ" ಎಂದಳು.

"ಹೆಚ್ಚು ಅಂದ್ಯಲ್ಲ?"

"ಸಪ್ಪೆ ಇತ್ತು. ಬರೀ ಸಪ್ಪೆ. ಹಾಕಿದ್ದೀರೋ ಇಲ್ವೋ ಅಂತಾನೇ ಗೊತ್ತಾಗಲಿಲ್ಲ."

"ಹಾಕಿದ್ದೆ ಕಣೇ" ಎಂದ. ಅವನ ದನಿ ತಗ್ಗಿತ್ತು. ಅವನ ದನಿ ತಗ್ಗಿದ್ದನ್ನು ಅವಳು ಮೊದಲ ಸಲ ಕೇಳಿದಳು. "ನಿಜವಾಗ್ಲೂ ಹಾಕಿದ್ದೆ. ನಿನಗೆ ಅಂತಾನೇ ಹಾಕಿದ್ದೆ."

"ಗೊತ್ತು."

"ರುಚಿ ಇಲ್ದೇ ಹೇಗೆ ಗೊತ್ತು?"

"ನಾಲ್ಕು ಜನ ನೋಡ್ತಿದ್ರಲ್ಲ" ಎಂದಳು. "ನಾಲ್ಕು ಜನರ ಮುಂದೆ ನೀವು ಯಾವತ್ತೂ ಉಪ್ಪು ತಪ್ಪಿಸಿದವರಲ್ಲ."

ಅವನು ಬಾಯಿ ತೆರೆದ. ಉಪ್ಪಿನ ಮನೆಯ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಒಂದು ಕೂಗು ಸಾಕಿತ್ತು: ನನ್ನ ಉಪ್ಪು ಇವಳಿಗೆ ಹತ್ತಿಲ್ಲ, ಇವಳು ಆಡಿದ್ದು ಸುಳ್ಳು. ಅವಳು ಓಡಲಿಲ್ಲ, ಬೇಡಲಿಲ್ಲ, ಮುಷ್ಟಿ ಬಿಗಿಹಿಡಿದು ನಿಂತಳು. ಅಷ್ಟರಲ್ಲಿ ಮೂಲೆಯಿಂದ ಇಬ್ಬರು ಮುದುಕರು ಬಂದರು, ಎಡಗಿವಿ ಮತ್ತು ಬಲಗಿವಿ, ಊಟಕ್ಕೆ ಹೊರಟವರು. ಗಂಟೆಯವನ ಕೈಗಳು ತಾವಾಗಿ ಮೇಲೆದ್ದವು, ಒಂದಕ್ಕೊಂದು ಸೇರಿದವು, ಮುಖದ ಮೇಲೆ ನಗು ಬಂತು. "ಹೊತ್ತಾಯ್ತು, ನೀನು ಮುಂದೆ ಹೋಗಿರು" ಎಂದ ಹೆಂಡತಿಗೆ, ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ. ಅವಳು ಹೋದಳು. ಅವನಿಗಾಗಿ ಅವಳಿಗೆ ಮರುಕ ಬಂದದ್ದು ಸುಳ್ಳಲ್ಲ. ಆದರೆ ಬೀದಿ ಕವಲೊಡೆಯುವಲ್ಲಿ ಕಾಲು ಅನುಮಾನಿಸಲಿಲ್ಲ.

ಮಾಳಿಗೆಯಲ್ಲಿ ಅಜ್ಜಿ ಗಂಜಿ ಇಳಿಸಿಟ್ಟು ಕಾಯುತ್ತಿದ್ದಳು. ಮುಖ ನೋಡಿದಳು, ಮುಷ್ಟಿ ನೋಡಿದಳು, ಏನೂ ಕೇಳದೆ ಉಪ್ಪಿನ ಮರಿಗೆಯನ್ನು ಅವಳ ಮುಂದೆ ತಳ್ಳಿದಳು. ಚಾಪೆಯವಳು ಕೂತಳು. ಮೂರು ಬೆರಳು ಮರಿಗೆಗೆ ಹೋದವು, ಎತ್ತಿದವು, ಹಾಕಿದವು. ಕಲಸಿ ಒಂದು ಗುಟುಕು ಕುಡಿದಳು. ಉಪ್ಪು ನಾಲಿಗೆಯನ್ನು ಕಚ್ಚಿತು, ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು. ನುಂಗಲಾರದೆ ಬಚ್ಚಲಿಗೆ ಓಡಿ ಉಗುಳಿ ಬಂದಳು.

"ಎಷ್ಟು ಹಾಕ್ಕೊಂಡ್ಯೇ?" ಎಂದಳು ಅಜ್ಜಿ.

"ಅವ್ರಿಗೆ ಹಾಕೋವಷ್ಟು."

"ನಿನಗೆಷ್ಟು ಬೇಕು?"

ಚಾಪೆಯವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಈಚೆ ದಡದಲ್ಲಿದ್ದಾಗ ಅಮ್ಮ ಹಾಕಿದ್ದನ್ನು ಉಂಡಿದ್ದಳು, ಇಲ್ಲಿಗೆ ಬಂದ ಮೇಲೆ ಅವನು ಹಾಕಿದ್ದನ್ನು. ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ.

"ಗೊತ್ತಿಲ್ಲ ಅಜ್ಜಿ" ಎಂದಳು.

ಅಜ್ಜಿ ಆ ಗಂಜಿಯನ್ನು ಚೆಲ್ಲಿ, ಬೋಗುಣಿ ತೊಳೆದು, ಬೇರೆ ಬಡಿಸಿದಳು. ಚಾಪೆಯವಳು ಮರಿಗೆಯಿಂದ ಒಂದೇ ಒಂದು ಹರಳು ತೆಗೆದು ಹಾಕಿಕೊಂಡಳು, ಕುಡಿದು ನೋಡಿದಳು. ಸಾಲದು. ಇನ್ನೊಂದು ಹಾಕಿಕೊಂಡಳು.